ಉಸಿರಿನ ಒಡೆಯನಾರು?

ಮಾಘ ಶುದ್ಧ ನವಮಿಯು ಸಮೀಪಿಸುತ್ತಿದೆ. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ಉಡುಪಿಯ ಅನಂತಾಸನ ಸನ್ನಿಧಿಯಲ್ಲಿ ಶಿಷ್ಯರಿಗೆ ಐತರೇಯೋಪನಿಷತ್ತಿನ ಪಾಠವನ್ನು ಹೇಳುತ್ತಿದ್ದಾಗಲೇ ಪುಷ್ಪವೃಷ್ಟಿಯ ನಡುವೆ ಅದೃಶ್ಯರಾದ ಪುಣ್ಯದಿನವದೆಂಬುದು ಆಸ್ತಿಕರೆಲ್ಲರಿಗೂ ವಿದಿತವಾದ ವಿಷಯ. ಹನುಮ, ಭೀಮ, ಮಧ್ವರೆಂಬ ಮೂರು ರೂಪಗಳಿಂದ ಅವತರಿಸಿದ ವಾಯುದೇವರೇ ಸಕಲ ಜೀವರ ದೇಹದಲ್ಲಿ ಮುಖ್ಯಪ್ರಾಣರಾಗಿ ನಿಂತು ಉಸಿರಾಡಿಸುತ್ತಿರುವರೆಂಬುದು ನಮ್ಮ ಸಿದ್ಧಾಂತ. ಆದುದರಿಂದ ಈ ಉತ್ಸವದ ಸಂದರ್ಭದಲ್ಲಿ ಉಸಿರನ್ನು ಕುರಿತು, ಉಸಿರನ್ನು ನಿಯಮಿಸುವ ಯೋಗಾಭ್ಯಾಸವನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಯೋಗವು ಇಂದು ಮನೆಮಾತಾಗಿದೆ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಘೋಷಿಸಿತು. 2015ರಿಂದ ಅದು ಪ್ರತಿವರ್ಷವೂ ಆಚರಣೆಯಲ್ಲಿದೆ. ನಮ್ಮ ಮನೆಗಳಲ್ಲಿಯೂ ಬೆಳಗಿನ ಹೊತ್ತು ಚಾಪೆ ಹಾಸಿ ಆಸನಗಳನ್ನು ಮಾಡುವವರು, ಕಣ್ಣು ಮುಚ್ಚಿ ಪ್ರಾಣಾಯಾಮಕ್ಕೆ ಕುಳಿತುಕೊಳ್ಳುವವರು ಹೆಚ್ಚಾಗಿದ್ದಾರೆ. ಇದರ ವಿಷಯದಲ್ಲಿ ಎರಡು ಬಗೆಯ ಮಾತುಗಳನ್ನು ನಾವು ಪ್ರವಚನದ ತರುವಾಯ ಆಗಾಗ ಕೇಳುತ್ತಿರುತ್ತೇವೆ. ‘ಸ್ನಾನ, ಸಂಧ್ಯೆ, ದೇವರಪೂಜೆಗಳಿರುವಾಗ ಕೈಕಾಲು ತಿರುಚುವ ಈ ಕಸರತ್ತು ನಮಗೇಕೆ?’ ಎಂಬುದು ಹಿರಿಯರ ಆಕ್ಷೇಪ. ‘ಅರ್ಥವರಿಯದೆ ಒಪ್ಪಿಸುವ ಸಂಧ್ಯಾವಂದನೆಗಿಂತ ಅರ್ಧ ಗಂಟೆಯ ಪ್ರಾಣಾಯಾಮದ ಫಲ ಪ್ರತ್ಯಕ್ಷವಾಗಿ ಕಾಣುತ್ತದೆ’ ಎಂಬುದು ಕಿರಿಯರ ಸಮಾಧಾನ. ಇಬ್ಬರೂ ಯೋಗವೇ ಬೇರೆ, ನಿತ್ಯಕರ್ಮವೇ ಬೇರೆ ಎಂದು ತಿಳಿದೇ ವಾದಿಸುತ್ತಾರೆ. ಆದರೆ ಈ ಎರಡಕ್ಕೂ ಮೂಲವಾದ ಪ್ರಶ್ನೆಯೊಂದಿದೆ. ನಾವು ಹಿಡಿಯುತ್ತೇವೆ, ಬಿಡುತ್ತೇವೆ ಎಂದುಕೊಳ್ಳುವ ಈ ಉಸಿರು ಯಾರದು? ಇದನ್ನು ತಿಳಿಯದೆ ಮಾಡಿದ ಪ್ರಾಣಾಯಾಮವೂ, ತಿಳಿಯದೆ ಮಾಡಿದ ಸಂಧ್ಯೆಯೂ ಒಂದೇ ತೂಕದವು.

ಮೊದಲು ಹಿರಿಯರ ಆಕ್ಷೇಪವನ್ನು ಪರಿಶೀಲಿಸೋಣ. ಯೋಗಾಸನಗಳು ಎಲ್ಲಿಂದಲೋ ಬಂದ ಹೊಸ ಪದ್ಧತಿಯಲ್ಲ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದರು. ಅವರ ‘ಯೋಗಮಕರಂದ’ವು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು, ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಇಂದು ದೇಶವಿದೇಶಗಳಲ್ಲಿ ನಡೆಯುವ ಆಸನಾಭ್ಯಾಸದ ಬಹುಭಾಗ ಈ ಮೈಸೂರಿನ ಶಾಲೆಯಿಂದ ಹೊರಟದ್ದು. ಅವರೆಲ್ಲರೂ ನಿತ್ಯಾನುಷ್ಠಾನವುಳ್ಳ ವೈದಿಕ ಮನೆತನಗಳಲ್ಲಿ ಹುಟ್ಟಿದವರೇ ಆಗಿದ್ದರೆಂಬುದನ್ನು ಮರೆಯಬಾರದು.

ದೇಹಬಲವನ್ನು ನಮ್ಮ ಸಂಪ್ರದಾಯವು ಎಂದೂ ಹಳಿದಿಲ್ಲ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವನ್ನು ಪಾರಾಯಣ ಮಾಡುವವರಿಗೆ, ಬಾಲಕ ವಾಸುದೇವನು ಓಟದಲ್ಲಿ, ನೆಗೆತದಲ್ಲಿ, ಈಜಿನಲ್ಲಿ, ಮಲ್ಲಯುದ್ಧದಲ್ಲಿ ಜೊತೆಯವರನ್ನೆಲ್ಲ ಮೀರಿಸಿದ ಪ್ರಸಂಗ ಪರಿಚಿತವೇ ಆಗಿದೆ. ಕಳಸದ ಬಳಿಯ ಅಂಬುತೀರ್ಥದಲ್ಲಿ ಭದ್ರಾನದಿಯ ದಡದ ಬೃಹತ್ ಬಂಡೆಯನ್ನು ಶ್ರೀಮದಾಚಾರ್ಯರು ಒಂದೇ ಕೈಯಿಂದ ಎತ್ತಿ ಇರಿಸಿದರೆಂದು ಅಲ್ಲಿಗೆ ಹೋಗುವ ಯಾತ್ರಿಕರು ಇಂದಿಗೂ ಸ್ಮರಿಸುತ್ತಾರೆ. ದೇಹವು ಸಾಧನಕ್ಕಾಗಿ ದೊರೆತ ಉಪಕರಣ. ಅದನ್ನು ಸುಸ್ಥಿತಿಯಲ್ಲಿಡುವುದು ಒಪ್ಪಿಸಿದ ವಸ್ತುವನ್ನು ಜೋಪಾನ ಮಾಡಿದಂತೆ. ಬೆನ್ನು ನೆಟ್ಟಗಿರದವನು, ಮಂಡಿ ಮಡಚಲಾರದವನು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವನು ಪೂಜೆಗೆ ಕುಳಿತರೂ ಅವನ ಲಕ್ಷ್ಯವೆಲ್ಲ ನೋವಿನ ಕಡೆಗೇ ಹರಿಯುವುದು. ಆದುದರಿಂದ ಹಿರಿಯರು ಕಿರಿಯರ ಆಸನಾಭ್ಯಾಸವನ್ನು ನಿಂದಿಸಲು ಕಾರಣವಿಲ್ಲ.

ಆದರೆ ಕಿರಿಯರೂ ಒಂದು ಲೆಕ್ಕವನ್ನು ಗಮನಿಸಬೇಕು. ಪತಂಜಲಿಯ ಯೋಗಸೂತ್ರಗಳು ಸಮಾಧಿ, ಸಾಧನ, ವಿಭೂತಿ, ಕೈವಲ್ಯಗಳೆಂಬ ನಾಲ್ಕು ಪಾದಗಳಲ್ಲಿ ಒಟ್ಟು 195. ಅವುಗಳಲ್ಲಿ ಆಸನವನ್ನು ಕುರಿತವು ಮೂರೇ ಮೂರು. ಹದಿನೈದನೆಯ ಶತಮಾನದ ಹಠಯೋಗ ಪ್ರದೀಪಿಕೆಯು ವಿವರಿಸುವ ಆಸನಗಳು 15. ಅಯ್ಯಂಗಾರ್ಯರು 1966ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಅವು ಸುಮಾರು 200. ಆಸನಗಳ ಸಂಖ್ಯೆ ಹೆಚ್ಚಿದುದರಲ್ಲಿ ದೋಷವಿಲ್ಲ. ಉಳಿದ ಏಳು ಅಂಗಗಳು ಮರೆಗೆ ಸರಿದುದರಲ್ಲಿ ದೋಷವಿದೆ. ಪತಂಜಲಿಯು ಆಸನದ ವಿಷಯದಲ್ಲಿ ಹೇಳುವುದು ಇಷ್ಟೇ: ಅದು ಸ್ಥಿರವಾಗಿರಬೇಕು, ಸುಖಕರವಾಗಿರಬೇಕು, ದೇಹದ ಬಿಗಿಯನ್ನು ಸಡಿಲಿಸಿ ಅನಂತನಲ್ಲಿ ಮನಸ್ಸನ್ನು ನಿಲ್ಲಿಸುವುದರಿಂದ ಅದು ಸಿದ್ಧಿಸುತ್ತದೆ. ಈ ‘ಅನಂತ’ ಶಬ್ದವನ್ನು ವಾಚಸ್ಪತಿಮಿಶ್ರರು ಸಾವಿರ ಹೆಡೆಗಳಿಂದ ಧರಣಿಯನ್ನು ಹೊತ್ತಿರುವ ನಾಗರಾಜನೆಂದೇ ವಿವರಿಸಿದ್ದಾರೆ. ಕುಳಿತವನು ತನ್ನ ಬಲದಿಂದ ತಾನು ಕುಳಿತಿಲ್ಲ; ಹೊತ್ತವನೊಬ್ಬನು ಕೆಳಗಿದ್ದಾನೆ ಎಂಬುದೇ ಇದರ ತಾತ್ಪರ್ಯ.

ಇದೇ ಭಾವವು ನಮ್ಮ ಸಂಧ್ಯಾವಂದನೆಯಲ್ಲಿ ಆಸನದ ಮಂತ್ರವಾಗಿ ಬಂದಿದೆ. ಕುಳಿತುಕೊಳ್ಳುವ ಮೊದಲು ನಾವು ಭೂದೇವಿಯನ್ನು ಪ್ರಾರ್ಥಿಸುತ್ತೇವೆ. ಲೋಕಗಳನ್ನು ನೀನು ಹೊತ್ತಿರುವೆ, ನಿನ್ನನ್ನು ವಿಷ್ಣುವು ಹೊತ್ತಿದ್ದಾನೆ. ನನ್ನನ್ನೂ ಧರಿಸು, ಈ ಆಸನವನ್ನು ಪವಿತ್ರಗೊಳಿಸು ಎಂಬುದು ಅದರ ಭಾವಾರ್ಥ. ಆ ಮಂತ್ರಕ್ಕೆ ಮೇರುಪೃಷ್ಠನು ಋಷಿ, ಕೂರ್ಮರೂಪಿ ಭಗವಂತನು ದೇವತೆ. ಮಂದರವನ್ನು ಬೆನ್ನಿನ ಮೇಲೆ ಹೊತ್ತವನನ್ನು ಸ್ಮರಿಸಿ ಮಣೆಯ ಮೇಲೆ ಕುಳಿತುಕೊಳ್ಳುವ ಈ ಕ್ರಮವನ್ನು ಪ್ರತಿದಿನವೂ ಮಾಡುತ್ತಿರುವವನು, ಆಸನವೇನೆಂದು ಕಲಿಯಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಮಾಡುವುದನ್ನು ಅರಿತು ಮಾಡಿದರೆ ಸಾಕು.

ಇಲ್ಲಿ ಒಂದು ನೀತಿಯ ಪ್ರಶ್ನೆಯೂ ಉದ್ಭವಿಸುತ್ತದೆ. ನಮ್ಮನ್ನು ಹೊತ್ತವರು ಭೂದೇವಿ, ಶೇಷ, ಕೂರ್ಮರು ಮಾತ್ರವೇ? ಮನೆಯ ಯಜಮಾನನು ಬೆಳಗ್ಗೆ ಒಂದು ಗಂಟೆಯ ಕಾಲ ನಿಶ್ಚಿಂತೆಯಿಂದ ಧ್ಯಾನಕ್ಕೆ ಕುಳಿತುಕೊಳ್ಳುತ್ತಾನೆ. ಆ ಗಂಟೆಯಲ್ಲಿ ಮಡಿಯಲ್ಲಿ ಅಡಿಗೆಗೆ ನಿಂತವರು ಯಾರು? ಮಗುವನ್ನು ಶಾಲೆಗೆ ಸಿದ್ಧಪಡಿಸಿದವರು ಯಾರು? ಪಾತ್ರೆಯ ಸದ್ದಾಗದಂತೆ ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿಕೊಂಡವರು ಯಾರು? ಮಗು ಅತ್ತಿತೆಂದು, ಲೋಟ ಬಿದ್ದಿತೆಂದು ಧ್ಯಾನದಿಂದ ಎದ್ದು ಬಂದು ಗದರಿಸುವವನ ಧ್ಯಾನವು ಎಲ್ಲಿಯವರೆಗೆ ನಡೆದಿತ್ತು? ಯೋಗದ ಎಂಟು ಅಂಗಗಳಲ್ಲಿ ಆಸನವು ಮೂರನೆಯದು, ಪ್ರಾಣಾಯಾಮವು ನಾಲ್ಕನೆಯದು. ಅವುಗಳಿಗೆ ಮೊದಲು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಯಮಗಳೂ, ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನಗಳೆಂಬ ನಿಯಮಗಳೂ ಬಂದಿವೆ. ಮನೆಯವರ ಹೊತ್ತನ್ನು ಕೇಳದೆ ತೆಗೆದುಕೊಂಡು ತನ್ನ ಶಾಂತಿಯನ್ನು ಸಂಪಾದಿಸುವುದು ಅಸ್ತೇಯಕ್ಕೆ ವಿರುದ್ಧವೆಂದೇ ನಮ್ಮ ಅಭಿಪ್ರಾಯ. ಯೋಗವನ್ನು ಮಾಡುವ ಮನೆಯಲ್ಲಿ ಪತ್ನಿಗೂ ಸೊಸೆಗೂ ತಾಯಿಗೂ ಅಷ್ಟೇ ಬಿಡುವು ದೊರೆಯುವಂತೆ ಉಳಿದವರು ಕೆಲಸವನ್ನು ಹಂಚಿಕೊಳ್ಳುವುದು ಆ ಮನೆಯ ಮೊದಲ ಯೋಗಾಭ್ಯಾಸ.

ಇನ್ನು ಮುಖ್ಯವಾದ ಉಸಿರಿನ ವಿಷಯಕ್ಕೆ ಬರೋಣ. ಅಹೋರಾತ್ರಿಯಲ್ಲಿ ಮುಖ್ಯಪ್ರಾಣದೇವರು ಪ್ರತಿಯೊಂದು ಜೀವನ ದೇಹದಲ್ಲಿಯೂ 21,600 ಹಂಸಮಂತ್ರದ ಜಪಗಳನ್ನು ಉಚ್ಛ್ವಾಸ ನಿಃಶ್ವಾಸಗಳ ರೂಪದಲ್ಲಿ ನಡೆಸುತ್ತಾರೆಂದು ನಮ್ಮ ಸಂಪ್ರದಾಯವು ತಿಳಿಸುತ್ತದೆ. ಮಾನವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಇದಕ್ಕಾಗಿ ಶ್ವಾಸಸಂಧಿಯೆಂಬ ಸಂಧಿಯೊಂದನ್ನೇ ಮೀಸಲಿಟ್ಟಿದ್ದಾರೆ. ಲೆಕ್ಕ ಸರಳವಾಗಿದೆ. ದಿನವೊಂದಕ್ಕೆ 60 ಘಳಿಗೆ. ಘಳಿಗೆಯೊಂದಕ್ಕೆ 360 ಶ್ವಾಸ. ಘಳಿಗೆಯೆಂದರೆ 24 ನಿಮಿಷವಾದುದರಿಂದ ನಿಮಿಷಕ್ಕೆ 15 ಶ್ವಾಸಗಳಾಗುತ್ತವೆ. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆಂದು ಇಂದಿನ ವೈದ್ಯಶಾಸ್ತ್ರವು ಹೇಳುವುದಕ್ಕೆ ಇದು ಹೊಂದಿಕೊಳ್ಳುತ್ತದೆ. ಆದರೆ ದಾಸರ ಉದ್ದೇಶ ಉಸಿರನ್ನು ಎಣಿಸುವುದಷ್ಟೇ ಆಗಿರಲಿಲ್ಲ. ಎಣಿಕೆಯ ಹಿಂದೆ ಎಣಿಸದೆ ದುಡಿಯುತ್ತಿರುವ ದೇವತೆಯೊಬ್ಬನಿದ್ದಾನೆಂದು ತೋರಿಸುವುದು ಅವರ ಉದ್ದೇಶ.

ಇದನ್ನು ಅನುಭವದಿಂದಲೂ ಪರೀಕ್ಷಿಸಬಹುದು. ನಾವು ಸ್ವಲ್ಪ ಹೊತ್ತು ಉಸಿರನ್ನು ಬಿಗಿಹಿಡಿಯಬಲ್ಲೆವು. ಆದರೆ ಹಾಗೆಯೇ ಹಿಡಿದಿಡಲಾರೆವು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಲೇ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವು ನಮ್ಮ ಸಂಕಲ್ಪವನ್ನು ತಳ್ಳಿಹಾಕಿ ಉಸಿರನ್ನು ಎಳೆಯಿಸುತ್ತದೆ. ಸುಷುಪ್ತಿಯಲ್ಲಂತೂ ನಮ್ಮ ಸಂಕಲ್ಪವೇ ಇರುವುದಿಲ್ಲ. ಆಗ ಯಾರು ಉಸಿರಾಡಿಸಿದರು? ಇಂದ್ರಿಯಗಳೆಲ್ಲವೂ ಮಲಗಿರುವಾಗ ಈ ದೇಹವೆಂಬ ಪುರದಲ್ಲಿ ಪ್ರಾಣಾಗ್ನಿಗಳು ಮಾತ್ರ ಎಚ್ಚರದಿಂದಿರುತ್ತವೆಂದು ಪ್ರಶ್ನೋಪನಿಷತ್ತಿನಲ್ಲಿ ಪಿಪ್ಪಲಾದರು ಉತ್ತರಿಸುತ್ತಾರೆ. ಛಾಂದೋಗ್ಯದ ಕಥೆಯೂ ಪ್ರಸಿದ್ಧವಾಗಿದೆ. ತಮ್ಮಲ್ಲಿ ಯಾರು ಶ್ರೇಷ್ಠರೆಂದು ಇಂದ್ರಿಯಗಳಿಗೆ ಜಗಳ ಬಂದಾಗ ವಾಕ್ಕು ಒಂದು ವರ್ಷ ದೇಹವನ್ನು ಬಿಟ್ಟು ಹೋಯಿತು. ದೇಹವು ಮೂಕನಂತೆ ಬದುಕಿತು. ಕಣ್ಣು ಹೋಯಿತು, ಕಿವಿ ಹೋಯಿತು, ಮನಸ್ಸೂ ಹೋಯಿತು. ಹೇಗೋ ಬದುಕು ಸಾಗಿತು. ಕೊನೆಗೆ ಪ್ರಾಣನು ಹೊರಡಲು ಅನುವಾದನು. ಜಾತಿಕುದುರೆಯು ತನ್ನನ್ನು ಕಟ್ಟಿದ ಗೂಟಗಳನ್ನೆಲ್ಲ ಕಿತ್ತುಕೊಂಡು ಏಳುವಂತೆ ಉಳಿದ ಇಂದ್ರಿಯಗಳೆಲ್ಲವೂ ಬುಡಸಹಿತ ಅಲುಗಾಡಿದವು, ಹೋಗಬೇಡವೆಂದು ಕೈಮುಗಿದವು. ಪ್ರಾಣಾಯಾಮಕ್ಕೆ ಕುಳಿತವನು ಮೂಗನ್ನು ಹಿಡಿಯುವ ಮೊದಲು ಈ ಕಥೆಯನ್ನು ಸ್ಮರಿಸಬೇಕು. ತಾನು ಪ್ರಾಣನನ್ನು ನಿಯಮಿಸುತ್ತಿರುವೆನೆಂಬುದು ಭ್ರಾಂತಿ. ಪ್ರಾಣನು ತನ್ನನ್ನು ನಿಯಮಿಸುತ್ತಿದ್ದಾನೆ. ಆ ಪ್ರಾಣನನ್ನೂ ನಿಯಮಿಸುವವನು ಶ್ರೀಹರಿ.

ಈ ತಿಳಿವಳಿಕೆಯಿಂದ ಸಾಧಕನ ನಡತೆಯಲ್ಲಿ ಏನು ವ್ಯತ್ಯಾಸವಾಗುತ್ತದೆಂದು ಕೇಳಬಹುದು. ಬಹಳ ವ್ಯತ್ಯಾಸವಾಗುತ್ತದೆ. ಉಸಿರುಗಳಿಗೆ ಲೆಕ್ಕವಿದೆ, ಅವನ್ನು ನಿಧಾನಗೊಳಿಸಿದರೆ ಆಯುಸ್ಸು ಹೆಚ್ಚುತ್ತದೆಂದು ಹೇಳಿ ಪ್ರಾಣಾಯಾಮವನ್ನು ಪ್ರಶಂಸಿಸುವವರುಂಟು. ಅಂಥವರ ದೃಷ್ಟಿಯಲ್ಲಿ ಉಸಿರು ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ. ಕಡಿಮೆ ವೆಚ್ಚ ಮಾಡಿದಷ್ಟೂ ತನಗೆ ಲಾಭ. ಆದರೆ ಠೇವಣಿಯು ತನ್ನದಲ್ಲವೆಂದು ತಿಳಿದವನು ಉಳಿತಾಯದ ಮಾತನ್ನಾಡುವುದಿಲ್ಲ. ಕೊಟ್ಟವನ ಕೆಲಸಕ್ಕೆ ಅದು ವಿನಿಯೋಗವಾಯಿತೇ ಎಂದು ವಿಚಾರಿಸುತ್ತಾನೆ. ಈ ದಿನದ 21,600 ಉಸಿರುಗಳಲ್ಲಿ ಸುಳ್ಳಿಗೆ ಎಷ್ಟು ಹೋಯಿತು, ಪರನಿಂದೆಗೆ ಎಷ್ಟು ಹೋಯಿತು, ಹರಿನಾಮಕ್ಕೆ ಎಷ್ಟು ಸಂದಿತು? ನಿಂದೆಯ ಮಾತಿಗೂ ಉಸಿರು ಬೇಕು. ಆ ಉಸಿರನ್ನೂ ಮುಖ್ಯಪ್ರಾಣದೇವರೇ ನಡೆಸಿದರು. ಉಪಕಾರಿಯ ಹೆಗಲೇರಿ ಕುಳಿತು ಅಪಕಾರವನ್ನು ಮಾಡಿದಂತಾಯಿತಲ್ಲವೇ?

ಇದಕ್ಕೆ ಒಂದು ಪೂರ್ವಪಕ್ಷವುಂಟು. ಉಸಿರೂ ಅವನದೇ, ಕರ್ತೃತ್ವವೂ ಅವನದೇ ಎಂದಾದಮೇಲೆ ನಮ್ಮ ಪ್ರಯತ್ನದಿಂದೇನು? ಸುಮ್ಮನಿದ್ದರೂ ಶ್ವಾಸಜಪವು ನಡೆಯುತ್ತದೆಯಲ್ಲ! ಈ ಆಲಸ್ಯದ ವಾದವನ್ನು ನಮ್ಮ ಶಾಸ್ತ್ರವು ಒಪ್ಪುವುದಿಲ್ಲ. ಜೀವನಿಗೆ ಕರ್ತೃತ್ವವಿದೆ, ಆದರೆ ಅದು ಸ್ವತಂತ್ರವಲ್ಲ, ಪರಾಧೀನವಾದುದು. ವಿಜಯದಶಮಿಯಂದು ಅಕ್ಷರಾಭ್ಯಾಸಕ್ಕೆ ಕುಳಿತ ಮಗುವನ್ನು ನೋಡಿ. ತಟ್ಟೆಯ ಅಕ್ಕಿಯ ಮೇಲೆ ತಂದೆಯು ಮಗುವಿನ ಬೆರಳನ್ನು ಹಿಡಿದು ಬರೆಯಿಸುತ್ತಾನೆ. ಬರೆದುದು ಮಗುವಿನ ಬೆರಳೇ ಹೌದು. ಗೆರೆಯನ್ನು ನಡೆಸಿದುದು ತಂದೆಯ ಕೈ. ಮಗು ಬೆರಳನ್ನು ಮುಷ್ಟಿ ಕಟ್ಟಿ ಹಟ ಹಿಡಿದರೆ ಅಕ್ಷರವು ಮೂಡುವುದಿಲ್ಲ. ತಾನೇ ಬರೆದೆನೆಂದು ಕೈಯನ್ನು ಕೊಸರಿದರೂ ಮೂಡುವುದಿಲ್ಲ. ಬೆರಳನ್ನು ಒಪ್ಪಿಸುವುದೇ ಮಗುವಿನ ಪ್ರಯತ್ನ. ನಮ್ಮ ಆಸನ, ಪ್ರಾಣಾಯಾಮ, ಜಪಗಳೂ ಹೀಗೆಯೇ. ಯೋಗವೆಂಬ ಶಬ್ದಕ್ಕೆ ಶ್ರೀಮದಾಚಾರ್ಯರು ಗೀತಾಭಾಷ್ಯದಲ್ಲಿ ಉಪಾಯವೆಂದು ಅರ್ಥ ಹೇಳಿರುವುದನ್ನು ಇಲ್ಲಿ ಸ್ಮರಿಸಬೇಕು. ಉಪಾಯವು ಉಪೇಯವಲ್ಲ, ದಾರಿಯನ್ನೇ ಊರೆಂದು ತಿಳಿಯಬಾರದು.

ಯೋಗವರ್ಗಗಳಿಗೆ ಹೋಗುವ ನಮ್ಮ ಯುವಕ ಯುವತಿಯರನ್ನು ಕಾಡುವ ಮತ್ತೊಂದು ಸಂದೇಹವಿದೆ. ಅಲ್ಲಿ ಕೆಲವೆಡೆ ಉಸಿರಿನೊಡನೆ ‘ಸೋಹಂ’ ಎಂದು ಭಾವಿಸಿ ‘ಆ ಪರತತ್ತ್ವವೇ ನಾನು’ ಎಂದು ಚಿಂತಿಸಲು ಹೇಳುತ್ತಾರೆ. ಕೆಲವೆಡೆ ಮನಸ್ಸನ್ನು ಬರಿದು ಮಾಡಲು ಹೇಳುತ್ತಾರೆ. ಅವರವರ ಸಂಪ್ರದಾಯ ಅವರವರಿಗೆ, ಕಲಹಕ್ಕೆ ಕಾರಣವಿಲ್ಲ. ಆದರೆ ನಮ್ಮವರು ತಮ್ಮ ಅರ್ಥವನ್ನು ತಿಳಿದಿರಬೇಕು. ಈಶಾವಾಸ್ಯೋಪನಿಷತ್ತಿನ ಭಾಷ್ಯದಲ್ಲಿ ಶ್ರೀಮದಾಚಾರ್ಯರು ‘ಅಹಂ’ ಎಂಬುದನ್ನು ‘ಅಹೇಯ’, ಎಂದರೆ ಬಿಡಲಾಗದವನು, ಎಂದು ಭಗವಂತನ ನಾಮವಾಗಿಯೇ ವ್ಯಾಖ್ಯಾನಿಸಿದ್ದಾರೆ. ಅಲ್ಲಿ ಹೇಳಿದ ಪುರುಷನು ‘ಅಸು’ವಿನಲ್ಲಿ, ಎಂದರೆ ಪ್ರಾಣನಲ್ಲಿ, ನೆಲೆಸಿರುವವನೆಂದು ತಿಳಿಸಿದ್ದಾರೆ. ಹೀಗೆ ತಿಳಿದವನಿಗೆ ಅದೇ ಶಬ್ದವು ಅಹಂಕಾರವನ್ನು ಬೆಳೆಸದೆ ಶರಣಾಗತಿಯನ್ನು ಕಲಿಸುತ್ತದೆ. ಧ್ಯಾನವೆಂದರೆ ಮನಸ್ಸನ್ನು ಬರಿದು ಮಾಡುವುದೂ ಅಲ್ಲ. ಎಡೆಬಿಡದ ಸ್ಮರಣೆಯೇ ಧ್ಯಾನ. ಸ್ಮರಣೆಗೆ ವಿಷಯವೊಂದು ಬೇಕು. ಪತಂಜಲಿಯು ಈಶ್ವರಪ್ರಣಿಧಾನವನ್ನು ಸಾಧನಗಳಲ್ಲಿ ಒಂದಾಗಿ ಹೇಳಿ ಪುರುಷನ ಕೈವಲ್ಯವನ್ನು ಗುರಿಯಾಗಿಸಿದನು. ನಮಗಾದರೋ ಈಶ್ವರನು ಮೆಟ್ಟಿಲುಗಳಲ್ಲಿ ಒಂದಲ್ಲ. ಸಾಧನವನ್ನು ಮಾಡಿಸುವವನೂ ಅವನೇ, ಫಲವನ್ನು ಕೊಡುವವನೂ ಅವನೇ. ಉಪಾಸನೆಯು ಶಾಸ್ತ್ರಾಭ್ಯಾಸ, ಧ್ಯಾನ ಎಂದು ಎರಡು ವಿಧವೆಂದು ಅನುವ್ಯಾಖ್ಯಾನವು ಹೇಳುತ್ತದೆ. ಕಣ್ಣು ಮುಚ್ಚಿ ಕುಳಿತರೆ ಮನಸ್ಸು ನಿಲ್ಲದವನು ಗ್ರಂಥವನ್ನು ತೆರೆದು ಕುಳಿತರೆ ಅದೂ ಉಪಾಸನೆಯೇ ಆಗುವುದು.

ಮನಸ್ಸು ನಿಲ್ಲದಿರುವುದು ಇಂದಿನವರ ದೋಷವೆಂದು ಎಣಿಸಬೇಕಾಗಿಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೇ, ಗಾಳಿಯನ್ನು ಹಿಡಿಯುವಂತೆ ಮನಸ್ಸನ್ನು ಹಿಡಿಯುವುದು ದುಷ್ಕರವೆಂದು ಮೊರೆಯಿಡುತ್ತಾನೆ. ಶ್ರೀಕೃಷ್ಣನು ಅದನ್ನು ಅಲ್ಲಗಳೆಯದೆ ಅಭ್ಯಾಸ ವೈರಾಗ್ಯಗಳೆಂಬ ಎರಡು ದಾರಿಗಳನ್ನು ತೋರಿಸುತ್ತಾನೆ. ಅದೇ ಅಧ್ಯಾಯದಲ್ಲಿ, ಅತಿಯಾಗಿ ಉಣ್ಣುವವನಿಗೂ ಉಪವಾಸದಿಂದ ಬಳಲುವವನಿಗೂ, ಅತಿಯಾಗಿ ಮಲಗುವವನಿಗೂ ನಿದ್ದೆಗೆಡುವವನಿಗೂ ಯೋಗವು ದೊರೆಯದೆಂದು ತಿಳಿಸಿದ್ದಾನೆ. ದಿನಚರಿಯ ಹದವೇ ಯೋಗದ ತಳಹದಿ.

ಈಗ ಅತ್ಯಂತ ಕಠಿಣವಾದ ಪ್ರಶ್ನೆ. ಮಂಡಿಯ ನೋವಿನಿಂದ ಕೆಳಗೆ ಕುಳಿತುಕೊಳ್ಳಲಾರದ ವೃದ್ಧೆ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಗೃಹಸ್ಥ, ಉಬ್ಬಸದಿಂದ ಒಂದೊಂದು ಉಸಿರಿಗೂ ಹೋರಾಡುತ್ತಿರುವ ಬಾಲಕ, ಇವರೆಲ್ಲರೂ ಯೋಗಕ್ಕೆ ಹೊರಗಿನವರೇ? ಅನೇಕ ವರ್ಷ ನಿಯಮದಿಂದ ಅಭ್ಯಾಸ ಮಾಡಿದವನಿಗೇ ಹೃದಯದ ಬೇನೆ ಬಂದಾಗ ‘ನಿನ್ನ ಯೋಗ ಎಲ್ಲಿಗೆ ಬಂತು?’ ಎಂದು ಬಂಧುಗಳು ಕೇಳುವುದುಂಟು. ರೋಗಿಯ ನೋವಿನ ಮೇಲೆ ಅಪರಾಧದ ಭಾರವನ್ನೂ ಹೇರುವ ಈ ಮಾತು ಕ್ರೂರವಾದುದು. ದೇಹದ ಸುಖದುಃಖಗಳು ಪ್ರಾರಬ್ಧಕ್ಕೆ ಸೇರಿದವು. ಯೋಗವು ಆರೋಗ್ಯಕ್ಕೆ ಸಹಾಯ ಮಾಡುತ್ತದೆ. ಆದರೆ ಅದು ಇಷ್ಟು ಕೊಟ್ಟರೆ ಇಷ್ಟು ಎಂಬ ವ್ಯಾಪಾರವಲ್ಲ. ಉಸಿರು ನಮ್ಮ ಸಾಮರ್ಥ್ಯವೆಂದು ತಿಳಿದವನಿಗೆ ಅದು ಕುಗ್ಗಿದಾಗ ಎಲ್ಲವೂ ಕುಸಿದಂತೆ ತೋರುತ್ತದೆ. ಅದು ಮುಖ್ಯಪ್ರಾಣದೇವರ ಜಪವೆಂದು ತಿಳಿದವನಿಗೆ, ಹಾಸಿಗೆಯಲ್ಲಿ ಮಲಗಿದ ವೃದ್ಧೆಯ ಕ್ಷೀಣವಾದ ಉಸಿರೂ ಮಲ್ಲನ ದೀರ್ಘವಾದ ಉಸಿರೂ ಒಂದೇ ಮಂತ್ರದ ಎರಡು ಉಚ್ಚಾರಣೆಗಳು. ಆಕೆಯು ಮಾಡಬೇಕಾದುದು ಸ್ಮರಣೆಯೊಂದೇ. ಅದಕ್ಕೂ ಶಕ್ತಿ ಸಾಲದಿದ್ದರೆ ಪಕ್ಕದಲ್ಲಿ ಕುಳಿತವರು ಆಕೆಯ ಕಿವಿಗೆ ಕೇಶವಾದಿ ನಾಮಗಳನ್ನು ಹೇಳಲಿ. ಆ ಹೊತ್ತಿನಲ್ಲಿ ಹೇಳುವವರಿಗೂ ಕೇಳುವವರಿಗೂ ಅದೇ ಯೋಗ.

ನಿತ್ಯಜೀವನದಲ್ಲಿ ಇದನ್ನು ಅನುಷ್ಠಾನಕ್ಕೆ ತರುವ ಕ್ರಮವನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ದಿನದ 60 ಘಳಿಗೆಗಳಲ್ಲಿ ಒಂದು ಘಳಿಗೆಯನ್ನು, ಎಂದರೆ 24 ನಿಮಿಷಗಳನ್ನು, ಉಸಿರಿನ ಒಡೆಯನಿಗೆಂದು ಮೀಸಲಿಡಿ. ಉಪನೀತರು ಸಂಧ್ಯಾವಂದನೆಯ ಪ್ರಾಣಾಯಾಮವನ್ನು ಅವಸರಪಡದೆ, ಮಂತ್ರದ ಕಡೆಗೆ ಮನಸ್ಸಿಟ್ಟು ಮಾಡಲಿ. ಮೂಗನ್ನು ಮುಟ್ಟಿ ಬಿಡುವುದರಿಂದ ಅದು ಆಗಲಾರದು. ಸ್ತ್ರೀಯರೂ ಮಕ್ಕಳೂ ಬೆನ್ನನ್ನು ನೆಟ್ಟಗೆ ಮಾಡಿ ಕುಳಿತು, ಸಹಜವಾಗಿ ಬಂದುಹೋಗುವ ಉಸಿರನ್ನು ಗಮನಿಸುತ್ತ ಹರಿನಾಮವನ್ನು ಸ್ಮರಿಸಲಿ. ಮಣೆಯ ಮೇಲೆ ಕುಳಿತುಕೊಳ್ಳಲಾರದವರು ಕುರ್ಚಿಯಲ್ಲಿ ಕುಳಿತರೂ ಬಾಧಕವಿಲ್ಲ. ಆಸನಗಳನ್ನು ಮಾಡುವವರು ಬರಿಯ ಹೊಟ್ಟೆಯಲ್ಲಿ, ಬಲ್ಲವರಿಂದ ಕಲಿತು, ತಮ್ಮ ವಯಸ್ಸಿಗೆ ತಕ್ಕಂತೆ ಮಾಡಲಿ. ರಕ್ತದೊತ್ತಡ, ಹೃದ್ರೋಗ, ಕಣ್ಣಿನ ಒತ್ತಡಗಳುಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಶೀರ್ಷಾಸನವನ್ನಾಗಲಿ ದೀರ್ಘ ಕುಂಭಕವನ್ನಾಗಲಿ ಮಾಡಬಾರದು. ಊಟದ ಮೊದಲು ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನರಿಗೆ ಕೊಡುವ ಐದು ಆಹುತಿಗಳನ್ನು ಅರ್ಥಾನುಸಂಧಾನದಿಂದ ಕೊಡುವವನಿಗೆ ಊಟವೂ ಯೋಗಾಂಗವಾಗುವುದು. ರಾತ್ರಿ ಮಲಗುವಾಗ ಹಗಲಿನ ಉಸಿರುಗಳ ಲೆಕ್ಕವನ್ನು ಒಪ್ಪಿಸಿ, ಇನ್ನು ಬೆಳಗಿನವರೆಗೆ ಎಚ್ಚರದಿಂದಿರುವವನಿಗೆ ಕೈಮುಗಿಯುವುದು ದಿನದ ಕೊನೆಯ ಅಭ್ಯಾಸ.

ಹಿರಿಯರಿಗೆ ನಮ್ಮ ವಿಜ್ಞಾಪನೆ ಇಷ್ಟು: ಮಕ್ಕಳ ಯೋಗಾಭ್ಯಾಸವನ್ನು ಗೇಲಿ ಮಾಡದೆ, ಅದರ ಜೊತೆಗೆ ಸಂಧ್ಯೆಯ ಅರ್ಥವನ್ನೂ ಅವರಿಗೆ ತಿಳಿಸಿಕೊಡಿ. ಕಿರಿಯರಿಗೆ ನಮ್ಮ ವಿಜ್ಞಾಪನೆ: ಚಾಪೆಯನ್ನು ಬಿಡಬೇಡಿ, ಮಣೆಯನ್ನೂ ಬಿಡಬೇಡಿ. ಈ ಮಧ್ವನವಮಿಯಂದು ಸನ್ನಿಧಿಯಲ್ಲಿ ಸುಮಧ್ವವಿಜಯದ ಪಾರಾಯಣವನ್ನು ಕೇಳಲು ಕುಳಿತಾಗ, ಪಠಿಸುವವರ ಕಂಠದಲ್ಲಿಯೂ ಕೇಳುವವರ ಎದೆಯಲ್ಲಿಯೂ ಏಕಕಾಲದಲ್ಲಿ ನಡೆಯುತ್ತಿರುವ ಆ ನಿಶ್ಶಬ್ದವಾದ ಜಪವನ್ನು ಒಂದು ಕ್ಷಣ ಗಮನಿಸಿ. ನಮ್ಮನ್ನು ಕೇಳದೆ ನಮಗಾಗಿ ದುಡಿಯುತ್ತಿರುವ ಗುರುವನ್ನು ಗುರುತಿಸುವುದೇ ಆ ದಿನದ ಆರಾಧನೆ.

ಶ್ರೀಕೃಷ್ಣಾರ್ಪಣಮಸ್ತು.